ಹೋರಿಗೆ ಹಾಕಿಸಿದ ಸೂಜಿ

ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಮುದುಕರು, ಒಬ್ಬ ಹುಡುಗಿ ಕುಳಿತಿದ್ದರು, ದನದ ದವಾಖಾನೆಯಿಂದ ಬಂದವರು. ಮುದುಕರನ್ನು ಹುಡುಗಿ ಸೂಗಪ್ಪ ಕಾಕಾ ಎನ್ನುತ್ತಿದ್ದಳು.

“ಡಾಕ್ಟರ್ ಅಂದದ್ದು ನನಗ ತಿಳೀಲಿಲ್ಲವ್ವಾ. ಊರಾಗಿನ ಆಕಳೆಲ್ಲ ದಿನ ತುಂಬೋದ್ರಾಗ ಕಂದ ಹಾಕೋ ರೋಗ ಎಲ್ಲಿಂದ ಬಂತು?”

“ಹೊರಗಿಂದ ಬಂದಿಲ್ಲ ಕಾಕಾ. ನೀವು ಮೇಯಿಸೋ ಗುಡಿ ಹೋರಿ ಮುಖದ ನರದಾಗ ವೈರಸ್ ಮಲಗಿತ್ತಂತ.”

“ಮಲಗಿದ್ದು ಹ್ಯಾಂಗ ಎದ್ದಿತು?”

“ಕಾರಹುಣ್ಣಿಮಿ ಮೆರವಣಿಗ್ಯಾಗ ಕುಂಟಬಾರದಂತ ನೀವು ನಾಲ್ಕು ದಿನ ಮೊದಲ ಕಾಲಿನ ಬಾವು ಇಳಿಯೋ ಸೂಜಿ ಹಾಕಿಸಿದ್ರಲ್ಲ. ಆ ಔಷಧ ಹೋಗಿ ವೈರಸ್ಸಿನ ಮೊದಲನೇ ಜೀನಿನ ಸ್ವಿಚ್ ಹಾಕ್ತಂತ. ಅದೊಂದು ಎದ್ದರ ಉಳಿದವನ್ನೆಲ್ಲ ಅದೇ ಎಬ್ಬಸ್ತದಂತ. ಎದ್ದ ವೈರಸ್ ಮೂಗಿನ ನೀರಾಗ ಇಳದು ಬಾಜೂಕಿನ ದನಕ್ಕ ಹತ್ತತದಂತ.”

“ಮೆರವಣಿಗಿ ದಿನ ಹೋರಿ ಮಾರಿ ಒರೆಸಿದ ಬಟ್ಟಿಲೇ ಎಲ್ಲಾರೂ ತಮ್ಮ ಆಕಳ ಮಾರಿ ಒರೆಸಿದ್ರು. ಪುಣ್ಯ ಅಂತ.”

“ನಮ್ಮವ್ವ ಅವತ್ತು ಊರಾಗಿರಲಿಲ್ಲ, ಒರೆಸಲಿಲ್ಲ. ಗಬ್ಬ ಉಳದದ್ದು ನಮ್ಮ ಆಕಳೊಂದೇ.”

“ಈಗ ಹೋರೀಗಿ ಆರಾಮದಲ್ಲ?”

“ವೈರಸ್ ಮತ್ತ ಮಲಗಿರ್ತದಂತ, ಸಾಯೋತನಕ ಹೋಗಂಗಿಲ್ಲಂತ. ಆ ಸೂಜಿ ಇನ್ನೊಮ್ಮಿ ಹಾಕಿಸಬ್ಯಾಡ್ರಿ ಅಂದಾರ.”



“ನಿನ್ನೆ ಮುಂಜಾನೆ ಮತ್ತ ಕುಂಟಲಿಕತ್ತಿತ್ತವ್ವಾ. ಅದೇ ಸೂಜಿ ಹಾಕಿಸಿ, ನೆರಳದಂತ ನಿಮ್ಮ ಆಕಳ ಬಾಜೂಕೇ ಕಟ್ಟೀನಿ.”

ಬಸ್ ಬಂತು. ಹುಡುಗಿ ಅವರಿಗಾಗಿ ಕಾಯದೆ ಹತ್ತಿದಳು.