ಎತ್ತರದ ಸೀಟು

…ಇಲ್ಲಮ್ಮ, ಇನ್ನೊಂಚೂರು ಕಾಲು ಮಡಚು. ಆಗಲ್ವಾ? ಬಿಡು, ಬಿಡು, ವೀಲ್‌ಚೇರ್‌ನಲ್ಲೇ ಕೂತ್ಕೋ. ಮಂಡಿ ಆಪರೇಷನ್ ಆಗಿ ಇನ್ನೂ ವಾರ ಆಗಿಲ್ಲ, ಒತ್ತಾಯ ಮಾಡಬಾರದು. ಆ ನರ್ಸ್ ಬೇರೆ ನನ್ನನ್ನೇ ಗುರಾಯಿಸ್ತಿದ್ದಾಳೆ.

ಸೀಟು ತಗ್ಗು, ಏನು ಮಾಡೋದು. ಓಡೋಕೆ ಅಂತಲೇ ಮಾಡಿದ ಕಾರು ಇದು. ಇಷ್ಟು ಹಳೇದಾದ್ರೂ ಆಕ್ಸಿಲರೇಟರ್ ಮುಟ್ಟಿದ್ರೆ ಸಾಕು, ಬೆನ್ನು ಸೀಟಿಗೆ ಅಂಟ್ಕೊಳ್ಳತ್ತೆ. ಯಾಕೆ ನಗ್ತೀಯಾ? ಮೊದಲನೇ ಸಲ ಕೂತಾಗ ನೀನೇ ಅಲ್ವಾ ಅಂದಿದ್ದು, 'ನಿಧಾನ ಕಣೋ, ಇಷ್ಟು ಬೇಗ ನಿಮ್ಮಪ್ಪನ ಹತ್ರ ಕಳಿಸಬೇಡ' ಅಂತ.

ಹೊಸ ಕಾರಾ? ಅಯ್ಯೋ, ಅದೊಂದು ಡಬ್ಬ. ಏಳು ಜನ ಕೂರಬಹುದು, ಬಾಗಿಲು ಪಕ್ಕಕ್ಕೆ ಜಾರತ್ತೆ, ಎಲ್ಲಿ ನೋಡಿದ್ರೂ ಮಕ್ಕಳ ಬಿಸ್ಕೆಟ್ ಪುಡಿ. ಓಡಿಸ್ತಾ ಇದ್ರೆ ನಿದ್ದೆ ಬರತ್ತೆ… ಹೂಂ. ಸೀಟು ಎತ್ತರ. ಹೌದಮ್ಮ, ನಿನಗೆ ಹತ್ತೋಕೆ ಸುಲಭ ಅಂತಲೇ ತಗೊಂಡಿದ್ದು. ಶೋರೂಮಲ್ಲಿ ಮೊದಲು ಕೂರಿಸಿದ್ದೂ ನಿನ್ನನ್ನೇ. ನೆನಪಿದೆ.

ಸರ್ವೀಸಿಗೆ ಹೋಗಿದೆ ಅದು, ಹೇಳಿದ್ನಲ್ಲ. ಬ್ರೇಕು ಏನೋ ಸದ್ದು ಮಾಡ್ತಿತ್ತು. ಸಂಜೆಗೆ? ಇಲ್ಲ, ಸಂಜೆಗೆಲ್ಲಾ ಕೊಡಲ್ಲ ಅವರು.

ಅದಕ್ಕೇ ಅಂದೆ, ಸದ್ಯಕ್ಕೆ ಅಕ್ಕನ ಮನೆಗೇ ಹೋಗು. ಗೊತ್ತು, ಈ ಸಲ ನಮ್ಮನೆಗೇ ಬಾ ಅಂತ ಕರೆದವನು ನಾನೇ. ವರ್ಷಗಟ್ಟಲೆ ಅವಳೊಬ್ಬಳೇ ನೋಡ್ಕೊಂಡಿದ್ದಾಳೆ, ಅದೂ ಗೊತ್ತು. ಆದರೆ ಇದರಲ್ಲಿ ನಿನ್ನ ಕಾಲು ಹಿಡಿಯಲ್ವಲ್ಲ, ನಾನೇನು ಮಾಡಲಿ? ಅಕ್ಕ ಹೇಗೂ ಬಂದಿದ್ದಾಳೆ, ಗೇಟ್ ಹತ್ರಾನೇ ಕಾರು ನಿಲ್ಲಿಸಿದ್ದಾಳೆ.

ಏನು ಹುಡುಕ್ತಿದ್ದೀಯಾ? ಬ್ಯಾಗಾ? ಇದೆ, ಡಿಕ್ಕೀಲಿದೆ… ಅಲ್ಲ, ಈ ಡಿಕ್ಕೀಲಲ್ಲ. ಅಕ್ಕನ ಕಾರಲ್ಲಿ. ಬಟ್ಟೆ, ಮಾತ್ರೆ, ವಾಕರ್, ಎಲ್ಲಾ ಅಲ್ಲೇ ಇದೆ. ಬೆಳಿಗ್ಗೆನೇ ಇಟ್ಟೆ.

ಹೂಂ… ನಿನ್ನನ್ನ ಇಲ್ಲಿ ಕೂರಿಸಿ ನೋಡೋಕೆ ಮುಂಚೆನೇ.

ಹಾಗೆ ನೋಡಬೇಡಮ್ಮ. ಬೈಯಿ, ಏನಾದರೂ ಅನ್ನು.

ಸರಿ. ಆ ಡಬ್ಬ ಮನೆ ಮುಂದೆನೇ ನಿಂತಿದೆ. ಏನೂ ಆಗಿಲ್ಲ ಅದಕ್ಕೆ. ತಪ್ಪು ನಿನ್ನ ಸೊಸೆ ಮೇಲೆ ಹಾಕೋಣ ಅಂತಿದ್ದೆ… ಅವಳು ಕೋಣೆ ಗುಡಿಸಿ, ಹಾಸಿಗೆ ಹಾಸಿಟ್ಟಿದ್ದಾಳೆ. ನನಗೇ ಆಗಲ್ಲ ಅನ್ನಿಸ್ತು. ರಾತ್ರಿ ಎದ್ದು ನಿನ್ನನ್ನ ಬಚ್ಚಲಿಗೆ ಕರ್ಕೊಂಡು ಹೋಗೋದು, ತೊಳೆಯೋದು… ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಈ ಕಾರು ತಂದೆ.

ಅಮ್ಮ… ಎಲ್ಲಿಗೆ? ಇರು, ಚಕ್ರಕ್ಕೆ ಕೈ ಹಾಕಬೇಡ, ಇಳಿಜಾರು ಅದು. ಗೇಟ್ ತನಕ ನಾನು ತಳ್ತೀನಿ. ಅಮ್ಮ, ಕೈ ತೆಗಿ, ಅಷ್ಟಾದರೂ ಮಾಡ್ತೀನಿ.