ಹಿಂದಿನಿಂದ ಕರೆದವರು

ಇದು ನಮ್ಮ ದೊಡ್ಡಮ್ಮನ ಮಗಳು ಹರಿಣಾಕ್ಷಿಗೆ ಆದದ್ದು. ಕೇಳುವುದಾದರೆ ಆ ಬಾಗಿಲು ಹಾಕಿ ಬಂದು ಕೂತುಕೊಳ್ಳಿ.

ಎರಡು ಸಾವಿರದ ಹದಿಮೂರು. ಅವಳು ಉಪ್ಪಳದ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರಾತ್ರಿ ಕಡೇ ಬಸ್ಸಿಗೆ ಬಂದು ಮೀಂಜದಲ್ಲಿ ಇಳಿದು, ಪಾಳುಬಾವಿಯ ಪಕ್ಕದ ದಾರಿಯಲ್ಲಿ ಅರ್ಧ ಮೈಲು ನಡೆಯಬೇಕು. ಅದೇ ಬಸ್ಸಿಂದ ಒಬ್ಬ ಇಳಿಯಲು ಶುರುಮಾಡಿದ. ಊರಿಗೆ ಹೊಸಬ. ಮೊದಲ ದಿನ ಅವಳು ಹೆದರಿದಳು. ಅವನೇ ನಿಂತು ಹೇಳಿದ, "ನೀವು ಮುಂದೆ ಹೋಗಿ. ನಾನು ಹಿಂದಿನಿಂದ ಟಾರ್ಚ್ ಬಿಡ್ತೇನೆ."

ಅವಳು ಮುಂದೆ, ಹತ್ತು ಹೆಜ್ಜೆ ಹಿಂದೆ ಅವನು. ಅವಳ ಚಪ್ಪಲಿ ಚರಕ್ ಚರಕ್... ಅವನದ್ದು ಧಪ್ ಧಪ್. "ಊಟ ಆಯ್ತಾ?" "ಇಲ್ಲ, ನಿಮ್ಮದು?" ಇಷ್ಟೇ ಮಾತು. ಎರಡು ತಿಂಗಳಾದರೂ ಇಬ್ಬರೂ ಹೆಸರು ಕೇಳಲಿಲ್ಲ. ಹೆಸರು ಕೇಳಿದರೆ ಜಾತಿ, ಮನೆ ಎಲ್ಲ ಕೇಳಬೇಕಾಗುತ್ತದೆ ಅಂತ ಅವಳಿಗೆ ಅಳುಕು. ಮೂರು ಸಂಬಂಧ ತಪ್ಪಿದ ಹುಡುಗಿ, ಪಾಪ.

ಒಂದು ಗುರುವಾರ ಅವನು ಬಸ್ಸಲ್ಲಿ ಇರಲಿಲ್ಲ. ಒಬ್ಬಳೇ ನಡೆದಳು. ಬಾವಿಯ ಹತ್ತಿರ ಬರುವಾಗ... ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಹಿಂದೆ ಧಪ್... ಧಪ್...

"ಹರಿಣಾಕ್ಷೀ..."

ಅವನದೇ ಸ್ವರ. ಅವಳ ಜೀವ ಹಿಗ್ಗಿತು. 'ಓ' ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹೊಳೆಯಿತು... ಇವನಿಗೆ ನನ್ನ ಹೆಸರು ಹೇಳಿದ್ದು ಯಾರು? ಟಾರ್ಚಿನ ಬೆಳಕು ಎಲ್ಲಿ?

"ಇಲ್ಲಿ ಬಾ. ಕೂತು ಮಾತಾಡುವ." ಸ್ವರ ಈಗ ಬಾವಿಕಟ್ಟೆಯಿಂದ. ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆ ಬಾವಿಗೆ ರಾಟೆ ಇಲ್ಲದೆ ಎಷ್ಟೋ ವರ್ಷ ಆಗಿತ್ತು.

ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಮರುದಿನ ರಾತ್ರಿ ಅವನು ಬಸ್ಸಲ್ಲಿದ್ದ. ಇಳಿದವಳು ಕದಲಲಿಲ್ಲ. "ನಿನ್ನೆ ಎಲ್ಲಿದ್ದಿರಿ?" ಪಿಸುಗುಟ್ಟಿದಳು.

"ಮಂಗಳೂರಲ್ಲಿ ಉಳಿದೆ. ಪ್ರೆಸ್ಸಿನ ಕೆಲಸ ಮುಗೀಲಿಲ್ಲ. ಎಂತ ಆಯ್ತು?"

ಹೇಳಿದಳು. ಅವನು ಬಾವಿಯ ದಾರಿಯ ಕಡೆಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿದ.

"ನೀವು ರಜೆ ಹಾಕಿದ ದಿನ... ನನ್ನನ್ನೂ ಕರೆದಿತ್ತು. ನಿಮ್ಮ ಸ್ವರದಲ್ಲಿ. 'ಕುಂಞಾ' ಅಂತ. ತೀರಿಹೋದ ನನ್ನ ಅಮ್ಮ ಮಾತ್ರ ಹಾಗೆ ಕರೀತಿದ್ದದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವೇ ಕರೆದದ್ದಾಗಿರಲಿ ಅಂತ ಆಸೆ ಇತ್ತು."

ಅವನು ಟಾರ್ಚನ್ನು ತನ್ನ ಮುಖಕ್ಕೇ ಬಿಟ್ಟುಕೊಂಡು, "ನಾನು ವಿಜೇತ್. ನೋಡಿ, ನಾನೇ," ಅಂದ. ಅವತ್ತು ಪಕ್ಕಪಕ್ಕ ನಡೆದರು, ಕೈ ಹಿಡಿದು.

ಮರುವರ್ಷ ಮದುವೆ ಆಯಿತು. ಈಗ ಮಧೂರಿನಲ್ಲಿದ್ದಾರೆ. ಆದರೆ ಇವತ್ತಿಗೂ ವಿಜೇತ್ ಅಂಗಳದಿಂದ ಕರೆದರೆ ಅವಳು ಓಗೊಡುವುದಿಲ್ಲ. ಅವನು ಒಳಗೆ ಬಂದು ಮುಖ ತೋರಿಸಬೇಕು. ಅವಳು ಒಂದು ಗಳಿಗೆ ದಿಟ್ಟಿಸಿ ನೋಡುತ್ತಾಳೆ. ಅವತ್ತು ಮೊದಲೇ ಎಚ್ಚರಿಸಲಿಲ್ಲವಲ್ಲ ಅಂತ ಆ ಒಂದು ಗಳಿಗೆ ಅವನು ಕಣ್ಣು ತಗ್ಗಿಸುತ್ತಾನೆ.

ನೀವು ನಂಬಿ, ಬಿಡಿ. ನಡೆದದ್ದು ಹೌದು ಮಾರಾಯ್ರೆ. ಆ ಶನಿವಾರ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಇಬ್ಬರೂ ಬಾವಿ ನೋಡಲು ಹೋಗಿದ್ದರು. ಕಟ್ಟೆ ತುಂಬ ಪಾಚಿ, ತರಗೆಲೆ. ಒಂದು ಕಡೆ ಮಾತ್ರ, ಇಬ್ಬರು ಕೂರುವಷ್ಟು ಜಾಗ, ಗುಡಿಸಿದ ಹಾಗೆ ಚೊಕ್ಕ ಇತ್ತು. ಹರಿಣಾಕ್ಷಿ ಕೈಯಿಟ್ಟು ನೋಡಿದಳು.

ಕಲ್ಲು ಬೆಚ್ಚಗಿತ್ತು.