ಎಡಗೈ ಕತ್ತರಿ

ಆಸ್ಪತ್ರೆಯಲ್ಲಿ ಹೃದಯದ ಎಕೋ ಪರೀಕ್ಷೆಗೆ ಕಾದು ಕುಳಿತಿದ್ದ ಗಡಿಯಾರ ರಿಪೇರಿಯವರೊಬ್ಬರ ಕೈಯಲ್ಲಿದ್ದ ಪೇಪರ್ ಬರೀ ನೆಪ. ಅವರ ಕಿವಿಯೆಲ್ಲ ಪಕ್ಕದ ಬೆಂಚಿನ ಅಕ್ಕತಂಗಿಯರ ಕಡೆಗಿತ್ತು.

“ಡಾಕ್ಟರ್ ಏನಂದ್ರಕ್ಕ?” ತಂಗಿ ಕೇಳಿದಳು.

“ರಿಪೇರಿ ಮಾಡಿದ ಹೃದಯದ ಕವಾಟ ಇನ್ನೂ ಚೂರು ಸೋರ್ತಿದೆಯಂತೆ. ಮಾತ್ರೆ ತಪ್ಪಿಸ್ಬೇಡಿ, ಉಪ್ಪು ಕಡಿಮೆ ಮಾಡಿ, ಬಿ.ಪಿ. ಏರೋಕೆ ಬಿಡ್ಬೇಡಿ ಅಂದ್ರು.”

“ಮತ್ತೆ ಆಪರೇಷನ್ನಾ?”

“ಸೋರೋದು ಹೆಚ್ಚಾದ್ರೆ ನೋಡೋಣ ಅಂದ್ರು. ನಾನು ಹೆಚ್ಚಾಗೋಕೆ ಬಿಟ್ರೆ ತಾನೆ? ಉಪ್ಪಿನ ಡಬ್ಬಿ ಕಡೆ ತಿರುಗಿಯೂ ನೋಡಲ್ಲ. ಅಣ್ಣನ ಟೈಲರ್ ಅಂಗಡಿ ಬಾಗಿಲು ಹಾಕೋದನ್ನ ಕಣ್ಣಾರೆ ನೋಡ್ಬೇಕು ನಾನು.”

“ನೀನಿನ್ನೂ ಆಸ್ಪತ್ರೇಲಿ ಮಲಗಿದ್ದೆ. ಅಷ್ಟರಲ್ಲೇ ‘ಅವಳಿನ್ನೆಲ್ಲಿ ಬರ್ತಾಳೆ’ ಅಂತ ನೀನು ಬಟ್ಟೆ ಕತ್ತರಿಸ್ತಿದ್ದ ಟೇಬಲ್ಲು, ಕತ್ತರಿ ಎಲ್ಲಾ ಅತ್ತಿಗೆಗೆ ಕೊಟ್ಬಿಟ್ಟನಲ್ಲ.”

“ಕೊಡ್ಲಿ. ಅತ್ತಿಗೆ ಕತ್ತರಿಸಿದ ಕೋಟಿನ ಬಟ್ಟೆ ಇಲಿ ಕಚ್ಚಿದ ಹಾಗಿದೆಯಂತೆ. ಗಿರಾಕಿಗಳು ಅವನ ಮುಖದ ಮೇಲೇ ಬಿಸಾಕಿ ಹೋಗ್ತಿದ್ದಾರಂತೆ.”

“ಅದು ಎಡಗೈಯವರ ಕತ್ತರಿ, ಬಲಗೈಲಿ ಹಿಡಿದ್ರೆ ಬಟ್ಟೆ ನೆಟ್ಟಗೆ ಕತ್ತರಿಸೋಕಾಗಲ್ಲ ಅಂತ ಅಣ್ಣನಿಗೆ ಗೊತ್ತಿಲ್ವಾ?”

“ಹೆಂಗೆ ಗೊತ್ತಾಗುತ್ತೆ? ಯಾವಾಗ್ಲೂ ಗಲ್ಲಾ ಮುಂದೆ ಕೂತಿರೋನು. ನಾನು ಯಾವ ಕೈಲಿ ಕತ್ತರಿಸ್ತೀನಿ ಅಂತ ಒಂದಿನ ತಲೆ ಎತ್ತಿ ನೋಡಿದ್ದಾನಾ?”

ತಂಗಿಯ ಫೋನ್ ಬಡಿದುಕೊಂಡಿತು.

“ಅವನೇ ಅಕ್ಕ. ಬಟ್ಟೆ ಯಾಕೆ ಹಿಂಗಾಗ್ತಿದೆ ಅಂತ ಕೇಳೋಕೇ ಇರ್ಬೇಕು. ಏನ್ ಹೇಳ್ಲಿ?”

“ಕತ್ತರಿ ಮೊಂಡಾಗಿರ್ಬೇಕು, ಚೆನ್ನಾಗಿ ಸಾಣೆ ಹಿಡಿಸು ಅಂತ ಹೇಳು.”

ತಂಗಿ ಹಾಗೇ ಹೇಳಿ ಫೋನ್ ಇಟ್ಟಳು. ಅಕ್ಕ ನಿಧಾನಕ್ಕೆ ಎದ್ದು ಸೆರಗು ಸರಿಮಾಡಿಕೊಂಡಳು.

“ಆಟೋ ಕರೀಲಾ?”

“ಬೇಡ. ದಿನಾ ಒಂಚೂರು ನಡೀಬೇಕು ಅಂದಿದ್ದಾರೆ ಡಾಕ್ಟರು. ನಡಿ, ಅಂಗಡಿ ಮುಂದಿನ ದಾರೀಲೇ ಹೋಗೋಣ.”